ಬೇಸಿಗೆ ರಜೆಗೆ ಒಣಗುವ ಶಾಲಾ ಕೈತೋಟ: ಬಿಡುವುದಾ, ಉಳಿಸುವುದಾ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಒಂದರಿಂದ ಏಳನೇ ತರಗತಿವರೆಗೆ 62 ಮಕ್ಕಳಿದ್ದಾರೆ. ಎರಡು ವರ್ಷದ ಹಿಂದೆ ಶಾಲೆ ಹಿಂದಿನ ಒಂದು ಗುಂಟೆ ಜಾಗದಲ್ಲಿ ಕೈತೋಟ ಮಾಡಿದೆವು. ಎರಡು ಸಲವೂ ಬೇಸಿಗೆ ರಜೆಯಲ್ಲಿ ಎಲ್ಲ ಒಣಗಿತು. ಉಳಿದದ್ದನ್ನು ಮೇಕೆ ತಿಂದವು. ಬಿಸಿಯೂಟಕ್ಕೆ ತರಕಾರಿ ಕೊಳ್ಳುವುದು ತಪ್ಪಲೇ ಇಲ್ಲ. ಸೊಪ್ಪಿನಲ್ಲಿ ಹುಳ ಇರುತ್ತದೆ, ಬಿಡಿಸಲು ಸಮಯವಿಲ್ಲ ಎಂದು ಅಡುಗೆಯವರು ಬೇಸರ ಮಾಡಿಕೊಳ್ಳುತ್ತಾರೆ. ಬೆಂಡೆ ಗಿಡ ಪೂರ್ತಿ ಹಳದಿಯಾಯಿತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ತಂದೆ, 'ಮಣ್ಣು ಕೆಲಸ ಮಾಡಿಸೋಕೆ ನಮ್ಮ ಹತ್ತಿರವೇ ಹೊಲ ಇದೆ, ಶಾಲೆಗೆ ಕಳಿಸೋದು ಯಾಕೆ' ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮೂರನೇ ಸಲ ಪ್ರಯತ್ನ ಮಾಡಬೇಕಾ, ಬಿಟ್ಟುಬಿಡಬೇಕಾ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಐದಾರು ತೊಂದರೆಗಳಿವೆ. ಆದರೆ ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಆ ತಂದೆಯ ಮಾತು ಅಂತ ನನಗೆ ಅನಿಸಿತು. ಅದಕ್ಕೆ ಬರುತ್ತೇನೆ. ಮೊದಲು ಒಂದು ವಿಷಯ. ತೋಟ ಒಣಗಿದ್ದು ನಿಮ್ಮ ಆಸಕ್ತಿ ಕಡಿಮೆಯಾಗಿ ಅಲ್ಲ. ರೈತನ ಕ್ಯಾಲೆಂಡರ್ ಬೇರೆ, ಶಾಲೆಯ ಕ್ಯಾಲೆಂಡರ್ ಬೇರೆ. ಶಾಲಾ ತೋಟವನ್ನು ಶಾಲೆಯ ಕ್ಯಾಲೆಂಡರ್‌ಗೆ ಹೊಂದಿಸದೆ ಹೋದರೆ ಅದು ಏಪ್ರಿಲ್‌ನಲ್ಲಿ ಸತ್ತೇ ಸಾಯುತ್ತದೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಮೊದಮೊದಲು ಶಾಲೆಗಳ ತೋಟ ನೋಡಿಕೊಳ್ಳುವಾಗ ಒಂದು ಶಾಲೆಗೆ ಮಾರ್ಚ್ ಮೊದಲ ವಾರ ಇನ್ನೂರು ಟೊಮೆಟೊ ಸಸಿ ಕೊಟ್ಟೆ. ಸಸಿ ಚೆನ್ನಾಗಿದ್ದವು, ಮಕ್ಕಳು ಖುಷಿಯಿಂದ ನೆಟ್ಟರು. ಹೂ ಬಿಡುವ ಹೊತ್ತಿಗೆ ರಜೆ ಬಂತು. ಮಕ್ಕಳು ಮತ್ತೆ ಶಾಲೆಗೆ ಬಂದಾಗ ಒಣ ಕಡ್ಡಿಗಳು ನಿಂತಿದ್ದವು. ತಾವು ನೆಟ್ಟ ಗಿಡ ಹೀಗಾದರೆ ಆ ವಯಸ್ಸಿನ ಮಕ್ಕಳಿಗೆ ಏನನಿಸುತ್ತದೆ ಎಂದು ನಾನು ಯೋಚಿಸಿರಲೇ ಇಲ್ಲ. ಆ ಶಾಲೆಯಲ್ಲಿ ಮತ್ತೆ ಗುದ್ದಲಿ ಹಿಡಿಸಲು ಎರಡು ವರ್ಷ ಬೇಕಾಯಿತು.

ಈಗ ತರಕಾರಿ ಕೊಳ್ಳುವುದು ತಪ್ಪಲಿಲ್ಲ ಎಂಬ ಮಾತಿಗೆ ಬರೋಣ. ಶಾಲಾ ತೋಟದಿಂದಲೇ ಬಿಸಿಯೂಟಕ್ಕೆ ಬೇಕಾದ ತರಕಾರಿಯೆಲ್ಲ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಬಿಸಿಯೂಟದ ನಿಯಮದಂತೆ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ, ಆರರಿಂದ ಎಂಟರವರೆಗೆ 75 ಗ್ರಾಂ ತರಕಾರಿ ಬೇಕು. ನಿಮ್ಮ 62 ಮಕ್ಕಳಿಗೆ ದಿನಕ್ಕೆ ಸುಮಾರು ಮೂರೂವರೆ ಕೆಜಿ ಆಗುತ್ತದೆ. ವರ್ಷಕ್ಕೆ 220 ದಿನ ಶಾಲೆ ಎಂದರೂ ಎಂಟು ಕ್ವಿಂಟಲ್ ಹತ್ತಿರ. ನೀರಿನ ಕೊರತೆ ಇರುವ ಊರಲ್ಲಿ, ವಾರಕ್ಕೆ ಒಂದೆರಡು ಗಂಟೆ ಮಾತ್ರ ಕೆಲಸ ನಡೆಯುವ ಒಂದು ಗುಂಟೆಯಿಂದ ಇದನ್ನು ಕೇಳುವುದು ಅನ್ಯಾಯ, ಅಲ್ವಾ? ಕೇಂದ್ರ ಸರ್ಕಾರ 2019ರಲ್ಲಿ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿದಾಗಲೂ ಮಕ್ಕಳಿಗೆ ಗಿಡದ ಪರಿಚಯವಾಗಲಿ, ಊಟಕ್ಕೆ ತಾಜಾ ಸೊಪ್ಪು ತರಕಾರಿ ಸೇರಲಿ ಎಂಬುದೇ ಉದ್ದೇಶವಾಗಿತ್ತು. ಮಾರುಕಟ್ಟೆ ಖರ್ಚು ನಿಲ್ಲಿಸುವುದಕ್ಕೆ ಅಲ್ಲ. ಹಾಗಾಗಿ ವಾರಕ್ಕೆ ಒಂದು ದಿನ ತೋಟದ ಸೊಪ್ಪಿನ ಸಾರು ಆದರೆ ನಿಮ್ಮ ತೋಟ ಗೆದ್ದ ಹಾಗೆ. ಅದಕ್ಕಿಂತ ಜಾಸ್ತಿ ಬಂದರೆ ಸಂತೋಷ.

ತೋಟದ ಸೊಪ್ಪು ತಿಂದರೆ ರಕ್ತಹೀನತೆ ಹೋಗುತ್ತದೆ ಎಂಬ ಮಾತೂ ಅರ್ಧ ಮಾತ್ರ ಸರಿ. ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ, ಆದರೆ ಮೈಗೆ ಸೇರುವುದು ಅದರ ಸ್ವಲ್ಪ ಭಾಗ. ಜೊತೆಗೆ ನಿಂಬೆಹಣ್ಣು ಹಿಂಡಿದರೆ, ಸೀಬೆ ತಿಂದರೆ ಹೆಚ್ಚು ಸೇರುತ್ತದೆ. ಊಟದ ಬೆನ್ನಿಗೇ ಟೀ ಕುಡಿದರೆ ಕಡಿಮೆಯಾಗುತ್ತದೆ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ತೋಟ ಇದೆ ಅಂತ ಬಿಡಬೇಡಿ. ಹಾಗಾದರೆ ಲಾಭ ಏನು? ನಾನು ಶಾಲೆಯಿಂದ ಶಾಲೆಗೆ ಕಂಡದ್ದು ಒಂದೇ: ತಾನು ಬೀಜ ಹಾಕಿದ ದಂಟಿನ ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳುವ ಮಗು ಕಡಿಮೆ. ನೇಪಾಳದಲ್ಲಿ ನಡೆದ ಅಧ್ಯಯನಗಳು ಇನ್ನೊಂದು ವಿಷಯ ತೋರಿಸಿವೆ. ಶಾಲಾ ತೋಟ ಒಂದೇ ಇದ್ದಾಗ ಮಕ್ಕಳ ತಿಳಿವಳಿಕೆ ಬೆಳೆಯಿತು. ಮನೆಯ ಹಿತ್ತಲಲ್ಲೂ ತರಕಾರಿ ಬೆಳೆಯುವಂತೆ ಮಾಡಿದಾಗ ತಿನ್ನುವುದೂ ಜಾಸ್ತಿಯಾಯಿತು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಈಗ ಆ ತಂದೆಯ ಪ್ರಶ್ನೆ. ದಯವಿಟ್ಟು ಅದನ್ನು ಕೊಂಕು ಎಂದುಕೊಳ್ಳಬೇಡಿ. ಬಿಸಿಲಲ್ಲಿ ಮಣ್ಣು ಹೊತ್ತು ಬೆನ್ನು ಬಾಗಿದವರು, ನನ್ನ ಮಗನಿಗೆ ಇದು ಬೇಡ ಎಂದೇ ಶಾಲೆಗೆ ಕಳಿಸುತ್ತಾರೆ. ಅವರಿಗೆ 'ಶ್ರಮದ ಬೆಲೆ ಗೊತ್ತಾಗಬೇಕು' ಎಂದು ಹೇಳಲು ನಮಗೆ ಬಾಯಿ ಬರಬಾರದು. ಅವರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ಅವರ ಭಯಕ್ಕೆ ಕಾರಣವೂ ಇದೆ. ತಡವಾಗಿ ಬಂದವರಿಗೆ ಕಳೆ ಕೀಳುವ ಶಿಕ್ಷೆ, ಗೊಬ್ಬರ ಹೊರಲು ಯಾವಾಗಲೂ ಅದೇ ನಾಲ್ಕು ಮಕ್ಕಳು, ನೀರು ಹಾಕಲು ಹೆಣ್ಣುಮಕ್ಕಳು, ಗುದ್ದಲಿಗೆ ಗಂಡುಮಕ್ಕಳು. ಇದನ್ನೆಲ್ಲ ನಾನು ಕಣ್ಣಾರೆ ನೋಡಿದ್ದೇನೆ. ಗೊಬ್ಬರದ ಬುಟ್ಟಿ ಯಾವ ಕೇರಿಯ ಮಕ್ಕಳ ತಲೆ ಮೇಲೆ ಹೋಗುತ್ತದೆ ಎನ್ನುವುದನ್ನು ಊರು ನೋಡುತ್ತಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡುವುದನ್ನು ನಿಷೇಧಿಸಿದೆ. ತೋಟದ ಕೆಲಸವನ್ನು ಶಿಕ್ಷೆ ಮಾಡಿದ ದಿನ ನಿಮ್ಮ ತೋಟ ಕಲಿಕೆಯಾಗಿ ಉಳಿಯುವುದಿಲ್ಲ.

ಮುಂದಿನ ಸಭೆಯಲ್ಲಿ ಆ ತಂದೆಗೆ ವಾದದ ಬದಲು ಒಂದು ನೋಟ್‌ಬುಕ್ ತೋರಿಸಿ. ಮೂರು ಅಡಿ ಅಗಲ, ಹದಿನೈದು ಅಡಿ ಉದ್ದದ ಮಡಿಯ ವಿಸ್ತೀರ್ಣ ಎಷ್ಟು? ಒಂದು ಸಾಲಿಗೆ ಎಷ್ಟು ಬೀಜ ಹಾಕಿದೆವು, ಎಷ್ಟು ಮೊಳೆತವು, ಅದು ಶೇಕಡ ಎಷ್ಟು? ಸೊಪ್ಪು ಎಷ್ಟು ತೂಗಿತು, ಸಂತೆಯ ದರದಲ್ಲಿ ಅದರ ಬೆಲೆ ಏನು? ನಲಿ-ಕಲಿ (ಒಂದರಿಂದ ಮೂರನೇ ತರಗತಿ) ಮಕ್ಕಳು ಎಲೆಯ ಚಿತ್ರ ಬರೆದು ಹೆಸರು ಬರೆಯಲಿ. ಆರು, ಏಳನೇ ತರಗತಿಯವರು ಹೂವಿನ ಗಂಡು ಭಾಗ, ಹೆಣ್ಣು ಭಾಗವನ್ನು ಪುಸ್ತಕದ ಬದಲು ಕುಂಬಳದ ಹೂವಿನಲ್ಲಿ ನೋಡಲಿ. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ನಲವತ್ತು ನಿಮಿಷ ಸಾಕು. ಅಗೆಯುವುದು, ಗೊಬ್ಬರ ಹೊರುವುದು ದೊಡ್ಡವರ ಕೆಲಸ. ಬಿತ್ತುವುದು, ಅಳೆಯುವುದು, ಹುಳ ಹುಡುಕುವುದು, ಕೊಯ್ಯುವುದು ಮಕ್ಕಳದು. ಎಲ್ಲ ಮಕ್ಕಳೂ ಎಲ್ಲ ಕೆಲಸವನ್ನೂ ಸರದಿಯಲ್ಲಿ ಮಾಡಲಿ, ಆ ಸರದಿಯ ಪಟ್ಟಿ ಗೋಡೆ ಮೇಲೆ ಇರಲಿ. ಆದರೆ ಆ ತಂದೆಯನ್ನು ಸುಮ್ನೆ ಒಪ್ಪಿಸಲು ಹೋಗಬೇಡಿ. ಬೀಜ ಎಷ್ಟು ಆಳಕ್ಕೆ ಹಾಕಬೇಕು ಎಂದು ಒಂದು ದಿನ ಮಕ್ಕಳಿಗೆ ತೋರಿಸಲು ಅವರನ್ನೇ ಕರೆಯಿರಿ. ಮಗನ ಮುಂದೆ ಅಪ್ಪ ಪಾಠ ಮಾಡಿದ ದಿನ ಮಾತೇ ಬೇರೆಯಾಗುತ್ತದೆ. ನಾನು ಹೀಗೆ ಕರೆಸಿದವರಲ್ಲಿ ಬರುವುದಿಲ್ಲ ಎಂದವರು ಇದ್ದಾರೆ. ಬಂದು ಬೇಸರಪಟ್ಟುಕೊಂಡು ಹೋದವರು ಒಬ್ಬರೂ ಇಲ್ಲ.

ಇನ್ನು ನೀರು. ಬೋರ್‌ವೆಲ್ ಇಲ್ಲದೆ ಆಗಲ್ಲ ಎನ್ನುತ್ತಾರೆ. ನಿಮ್ಮ ಕಡೆ ಬಿಸಿಲಿಗೆ ಒಂದು ಚದರ ಮೀಟರ್ ತರಕಾರಿ ಮಡಿಗೆ ದಿನಕ್ಕೆ ಸುಮಾರು ಐದು ಲೀಟರ್ ನೀರು ಬೇಕು. ಮೇಲೆ ಹೇಳಿದ ಅಳತೆಯ ನಾಲ್ಕು ಮಡಿ ಎಂದರೆ ಹದಿನೇಳು ಚದರ ಮೀಟರ್. ಆರು ಕೊಡ ನೀರು. ಒಣ ಹುಲ್ಲು, ಶೇಂಗಾ ಹೊಟ್ಟು, ಉದುರಿದ ಎಲೆಯನ್ನು ಮೂರು ಬೆರಳು ದಪ್ಪ ಹೊದಿಸಿದರೆ ಇನ್ನೂ ಕಡಿಮೆ ಸಾಕು. ಒಂದು ಗುಂಟೆ ಪೂರ್ತಿ ತರಕಾರಿ ಹಾಕಿದರೆ ಮೂವತ್ತು ಕೊಡ ದಾಟುತ್ತದೆ. ಅದು ಮಕ್ಕಳಿಂದ ಆಗುವ ಮಾತಲ್ಲ, ಆಗಲೂ ಬಾರದು. ನಿಮ್ಮ ತೋಟ ಸೋತದ್ದರಲ್ಲಿ ಅರ್ಧ ಕಾರಣ ಅದರ ಗಾತ್ರ.

62 ಮಕ್ಕಳು ಕೈ, ತಟ್ಟೆ ತೊಳೆಯುವಾಗ ತಲಾ ಎರಡು ಲೀಟರ್ ಎಂದರೂ ದಿನಕ್ಕೆ 120 ಲೀಟರ್ ಹರಿದು ಹೋಗುತ್ತದೆ. ಇದನ್ನು ಬಾಳೆ, ಪಪ್ಪಾಯ, ನುಗ್ಗೆಯ ಬುಡಕ್ಕೆ ತಿರುಗಿಸಿ. ಸೊಪ್ಪಿನ ಮಡಿಗೆ ಮಾತ್ರ ಬೇಡ. ಎಂಜಲು ನೀರು ಎಲೆಗೆ ತಾಗಿದರೆ ರೋಗಾಣು ತಟ್ಟೆಗೇ ವಾಪಸ್ ಬರುತ್ತದೆ. ಪಾತ್ರೆಗೆ ಸೋಪಿನ ಪುಡಿ ಜಾಸ್ತಿ ಬಳಸುತ್ತಿದ್ದರೆ ಆ ನೀರು ಮಣ್ಣನ್ನು ಗಟ್ಟಿ ಮಾಡುತ್ತದೆ, ಒಂದೇ ಗಿಡಕ್ಕೆ ಬಿಡದೆ ಪಾತಿ ಬದಲಿಸುತ್ತಿರಿ. ನೀರು ಎಲ್ಲೂ ನಿಲ್ಲಬಾರದು. ನೀರಿನ ಡ್ರಮ್ ಇಟ್ಟರೆ ಬಟ್ಟೆ ಕಟ್ಟಿ ಮುಚ್ಚಿ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿ ನೀರಿನಲ್ಲೇ.

ಗೊಬ್ಬರದಲ್ಲೂ ಇದೇ ಎಚ್ಚರ ಬೇಕು. ಸಾವಯವ ಎಂದರೆ ತಾನಾಗಿ ಸುರಕ್ಷಿತ ಅಲ್ಲ. ಹಸಿ ಸಗಣಿಯನ್ನು ಸೊಪ್ಪಿನ ಮಡಿಗೆ ಹಾಕಬೇಡಿ. ಚೆನ್ನಾಗಿ ಕಳಿತು ಮಣ್ಣಿನ ವಾಸನೆ ಬರುವ ಕೊಟ್ಟಿಗೆ ಗೊಬ್ಬರವೇ ಆಗಬೇಕು. ಶಾಲೆಯಲ್ಲಿ ಕಸ, ಪ್ಲಾಸ್ಟಿಕ್ ಸುಡುತ್ತಿದ್ದ ಜಾಗದಲ್ಲಿ ತರಕಾರಿ ಬೇಡ, ಆ ಬೂದಿಯೂ ಬೇಡ. ಹಳೇ ಗೋಡೆಯ ಬಣ್ಣ ಉದುರಿ ಬೀಳುವ ಬುಡವನ್ನೂ ಬಿಡಿ, ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತದೆ.

ಬೆಂಡೆ ಹಳದಿಯಾದದ್ದು ಗೊಬ್ಬರದ ಕೊರತೆಯಿಂದಲೇ ಇರಬೇಕು ಅಂತಿಲ್ಲ. ಎಲೆಯ ನರಗಳು ಬಲೆಯ ಹಾಗೆ ಹಳದಿಯಾಗಿ, ಕಾಯಿಯೂ ಬಿಳಿಚಿಕೊಂಡಿದ್ದರೆ ಅದು ಹಳದಿ ನಂಜು ರೋಗ. ಇದು ವೈರಸ್, ಬಿಳಿ ನೊಣದಿಂದ ಹರಡುತ್ತದೆ, ಬೇಸಿಗೆಯಲ್ಲಿ ಜಾಸ್ತಿ. ರೋಗ ಬಂದ ಗಿಡಕ್ಕೆ ಮದ್ದಿಲ್ಲ, ಕಂಡ ತಕ್ಷಣ ಕಿತ್ತು ದೂರ ಹಾಕಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಈ ರೋಗವನ್ನು ತಾಳಿಕೊಳ್ಳುವ ಗುಣಕ್ಕೆ ಹೆಸರಾದ ತಳಿ. ಅದನ್ನು ಜೂನ್‌ನಲ್ಲಿ ಬಿತ್ತಿ, ಬೇಸಿಗೆಗೆ ಬೆಂಡೆ ಬೇಡವೇ ಬೇಡ. ಅಂಗಡಿಯಿಂದ ತಂದ ಬೀಜ ಗುಲಾಬಿ, ನೀಲಿ, ಹಸಿರು ಬಣ್ಣ ಹಚ್ಚಿಕೊಂಡು ಬಂದಿದ್ದರೆ ಅದಕ್ಕೆ ಔಷಧಿ ಲೇಪಿಸಿದ್ದಾರೆ ಎಂದು ಅರ್ಥ. ಮಕ್ಕಳ ಕೈಗೆ ಕೊಡಬೇಡಿ. ಚಿಕ್ಕ ಮಕ್ಕಳು ಅದನ್ನು ಮಿಠಾಯಿ ಅಂದುಕೊಳ್ಳುತ್ತಾರೆ.

ಹುಳಕ್ಕೆ ಏನು ಹೊಡೆಯಬೇಕು ಎಂದು ನೀವು ಕೇಳಿಲ್ಲ, ಆದರೂ ಇದನ್ನು ಹೇಳದೆ ಬಿಡಲಾರೆ. ರಾಸಾಯನಿಕ ಕೀಟನಾಶಕ ಶಾಲೆಯ ಆವರಣದೊಳಗೆ ಬರಲೇ ಬಾರದು. ಒಂದು ಸಣ್ಣ ಬಾಟಲಿಯೂ ಬೇಡ, ಒಂದು ದಿನಕ್ಕೂ ಬೇಡ, ಖಾಲಿ ಡಬ್ಬಿಯೂ ಬೇಡ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಆ ಊಟದಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ನಮ್ಮ ಹಳ್ಳಿಗಳ ಮನೆಗಳಲ್ಲಿ ಇಂಥ ಡಬ್ಬಿಗಳು ಜಂತೆಯ ಸಂದಿಯಲ್ಲಿ ಸಾಮಾನ್ಯ, ಯಾರಾದರೂ ಪೋಷಕರು ಸಹಾಯ ಮಾಡಲು ಹೋಗಿ ತಂದುಬಿಡಬಹುದು. ಮೊದಲೇ ಹೇಳಿಬಿಡಿ. ಬೇವಿನ ಬೀಜದ ತಿರುಳು ಐವತ್ತು ಗ್ರಾಂ ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿದರೆ ಎಳೆ ಹುಳಗಳು, ಗಿಡದ ಹೇನು ಹತೋಟಿಗೆ ಬರುತ್ತವೆ. ಇದನ್ನೂ ದೊಡ್ಡವರೇ ಮಾಡಬೇಕು. ನಾಲ್ಕೈದು ದಿನ ಬಿಟ್ಟು ಕೊಯ್ದು, ತೊಳೆದು ಬಳಸಿ. ಇನ್ನು ಎಲೆಯಲ್ಲಿ ಎರಡು ತೂತು ಇದ್ದರೆ ಇರಲಿ ಬಿಡಿ.

ಅಡುಗೆಯವರ ದೂರು ನನಗೆ ನ್ಯಾಯ ಅನಿಸುತ್ತದೆ. ಅವರಿಗೆ ಸಿಗುವ ಗೌರವಧನ ಸಣ್ಣದು, ಬೆಳಿಗ್ಗೆಯಿಂದ ಒಲೆ ಮುಂದೆ ನಿಂತಿರುತ್ತಾರೆ. ನಾವು ಐದು ಕೆಜಿ ಸೊಪ್ಪು ತಂದು ಮುಂದೆ ಸುರಿದರೆ ಅದು ಒಂದು ಗಂಟೆ ಹೆಚ್ಚಿನ ಕೆಲಸ. ಆದ್ದರಿಂದ ಏನು ಬೆಳೆಯಬೇಕು ಎಂದು ಮೊದಲು ಅವರನ್ನೇ ಕೇಳಿ. ಸೋರೆ, ಸಿಹಿಗುಂಬಳ, ಬದನೆ, ಮೂಲಂಗಿ ಹೆಚ್ಚುವುದು ಸುಲಭ. ಸೊಪ್ಪನ್ನು ಹಿಂದಿನ ಸಂಜೆಯ ಬದಲು ಅದೇ ಬೆಳಿಗ್ಗೆ ಕೊಯ್ದು, ಬೇರು ಕತ್ತರಿಸಿ, ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿದರೆ ಹುಳ ತೇಲುತ್ತವೆ, ಆಮೇಲೆ ಎರಡು ಸಲ ತೊಳೆದು ಕೊಡಿ. ನುಗ್ಗೆಸೊಪ್ಪಿಗೆ ನಮ್ಮ ಅಜ್ಜಿಯರ ಉಪಾಯ ಇದೆ. ಕಡ್ಡಿಗಳನ್ನು ರಾತ್ರಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಡುವುದು. ಬೆಳಿಗ್ಗೆ ಕೊಡವಿದರೆ ಎಲೆ ತಾನಾಗಿ ಉದುರುತ್ತದೆ.

ಚಕ್ರಮುನಿ ಸೊಪ್ಪನ್ನು 'ವಿಟಮಿನ್ ಗಿಡ' ಎಂದು ಶಾಲೆಗಳಿಗೆ ಬಹಳ ಹಂಚಿದ್ದಾರೆ. ಬೇಯಿಸಿ, ಇತರ ಸೊಪ್ಪಿನ ಜೊತೆ ಸ್ವಲ್ಪ ಸೇರಿಸಿದರೆ ತೊಂದರೆ ಇಲ್ಲ. ಆದರೆ ಮಕ್ಕಳಿಗೆ ಹಸಿ ಎಲೆ ತಿನ್ನುವ ಅಭ್ಯಾಸ ಮಾಡಿಸಬೇಡಿ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಶ್ವಾಸಕೋಶ ಹಾಳಾಯಿತು.

ಈಗ ನಿಮ್ಮ ಮುಂದೆ ಇರುವ ದಾರಿಗಳು. ತೋಟವನ್ನು ಪೂರ್ತಿ ಬಿಡಬಹುದು. ಅದರಲ್ಲಿ ಅವಮಾನ ಏನಿಲ್ಲ, ನಿಮ್ಮ ಜೊತೆ ಒಬ್ಬರೂ ನಿಲ್ಲದಿದ್ದರೆ ಬಿಡುವುದೇ ಒಳ್ಳೆಯದು. ಒಬ್ಬರೇ ಶಿಕ್ಷಕರ ಹೆಗಲ ಮೇಲೆ ನಿಂತ ತೋಟ ಅವರ ವರ್ಗಾವಣೆಯ ದಿನ ಮುಗಿಯುತ್ತದೆ. ಊರಿನ ರೈತರೊಬ್ಬರಿಗೆ ಜಾಗ ಕೊಟ್ಟು ಬೆಳೆದದ್ದರಲ್ಲಿ ಪಾಲು ಪಡೆಯಬಹುದು ಎಂದು ಕೆಲವರು ಹೇಳುತ್ತಾರೆ. ತರಕಾರಿ ಬರುತ್ತದೆ ನಿಜ. ಆದರೆ ಮಕ್ಕಳು ಬೇಲಿಯ ಆಚೆ ನಿಂತು ನೋಡುವ ಹಾಗಾಗುತ್ತದೆ, ಏನು ಔಷಧಿ ಹೊಡೆದರು ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ನಾನು ಇದನ್ನು ಒಪ್ಪುವುದಿಲ್ಲ.

ಬರೀ ಮರಗಳನ್ನು ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಎರಡು ನುಗ್ಗೆ, ಎರಡು ಪಪ್ಪಾಯ, ಕರಿಬೇವು, ನಿಂಬೆ, ಒಂದು ಸೀಬೆ. ನುಗ್ಗೆಯಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ 'ಭಾಗ್ಯ' ತಳಿ ಸಿಕ್ಕರೆ ಹಾಕಿ. ಕೈ ತೊಳೆದ ನೀರಿನಲ್ಲೇ ಇವು ಬದುಕುತ್ತವೆ. ಮೊದಲ ಒಂದೆರಡು ಬೇಸಿಗೆ ಮಾತ್ರ ಯಾರಾದರೂ ವಾರಕ್ಕೆ ಎರಡು ಸಲ ನೀರು ಹಾಕಬೇಕು. ಅಪಾಯ ಇಲ್ಲ ಅಂತಲ್ಲ. ನುಗ್ಗೆ ಕೊಂಬೆ ಬಹಳ ಪೆಡಸು, ಮಕ್ಕಳು ಹತ್ತಿದರೆ ಮುರಿದು ಬೀಳುತ್ತಾರೆ, ಮಳೆಗಾಲದಲ್ಲಿ ಕಾಂಡದ ಮೇಲೆ ಕಂಬಳಿಹುಳ ಗುಂಪುಗಟ್ಟುತ್ತವೆ. ಹಾಗಾಗಿ ತರಗತಿಯ ಕಿಟಕಿಯಿಂದ ದೂರ ನೆಟ್ಟು, ವರ್ಷಕ್ಕೊಮ್ಮೆ ಎದೆಯೆತ್ತರಕ್ಕೆ ಕತ್ತರಿಸುತ್ತಿರಿ. ಸೊಪ್ಪೂ ಕೈಗೆ ಸಿಗುತ್ತದೆ.

ನನ್ನನ್ನು ಕೇಳಿದರೆ, ಈ ಮರಗಳ ಜೊತೆಗೆ ನಾಲ್ಕೇ ನಾಲ್ಕು ಮಡಿ ಮಾಡಿ. ಮಡಿ ಮೂರು ಅಡಿಗಿಂತ ಅಗಲ ಬೇಡ, ಎರಡೂ ಕಡೆಯಿಂದ ಮಗುವಿನ ಕೈ ಮಧ್ಯಕ್ಕೆ ಎಟುಕಬೇಕು. ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡು ಹದ ಮಳೆ ಬಿದ್ದ ಮೇಲೆ ಎರಡು ಮಡಿಗೆ ದಂಟು, ಹರಿವೆ ಬಿತ್ತಿ. ನಾಲ್ಕು ವಾರಕ್ಕೆ ಕೊಯ್ಲು. ಒಂದು ಮಡಿಯಿಂದ ನಾಲ್ಕೈದು ಕೆಜಿ ಬಂದರೆ ನಿಮ್ಮ ಶಾಲೆಗೆ ಒಂದು ಹೊತ್ತಿನ ಮಸ್ಸೊಪ್ಪು ಆಯಿತು. ಇನ್ನೆರಡು ಮಡಿಗೆ ಬೆಂಡೆ, ಬದನೆ. ಬೇಲಿಗುಂಟ ಸೋರೆ, ಕುಂಬಳ ಹಬ್ಬಿಸಿ. ನಿಮ್ಮ ಕಡೆ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದೇ ಹೊತ್ತಿಗೆ ದಸರಾ ರಜೆ ಬರುತ್ತದೆ, ಹಾಗಾಗಿ ಆ ರಜೆಯಲ್ಲಿ ಗಿಡ ಸಾಯುವುದು ಕಡಿಮೆ. ರಜೆ ಮುಗಿಸಿ ಬಂದು ಮೂಲಂಗಿ, ಮೆಂತ್ಯ, ಪಾಲಕ್, ಟೊಮೆಟೊ ಹಾಕಿ. ಜನವರಿ ಆದ ಮೇಲೆ ಹೊಸದಾಗಿ ಏನೂ ಬಿತ್ತಬೇಡಿ. ಫೆಬ್ರವರಿ, ಮಾರ್ಚ್ ಬೀಜ ಮಾಡಿಕೊಳ್ಳುವ ತಿಂಗಳು. ದಂಟಿನ ತೆನೆ ಒಣಗಿಸಿ, ಬಡಿದು, ಕೇರಿ, ಬೂದಿ ಬೆರೆಸಿ ಬಾಟಲಿಗೆ ತುಂಬುವುದನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ. ರಜೆಗೆ ಮುಂಚೆ ಮಡಿಗಳನ್ನು ಖಾಲಿ ಮಾಡಿ, ಒಣ ಎಲೆ ದಪ್ಪಗೆ ಹೊದಿಸಿ ಬಿಡಿ. ಆಗ ಏಪ್ರಿಲ್‌ನಲ್ಲಿ ಒಣಗಲು ಅಲ್ಲಿ ಏನೂ ಇರುವುದಿಲ್ಲ. ಒಂದು ಎಚ್ಚರ: ಜೂನ್‌ನಲ್ಲಿ ಆ ಹೊದಿಕೆಯನ್ನು ಮೊದಲು ತೆಗೆಯುವುದು ದೊಡ್ಡವರು, ಅದೂ ಕೋಲಿನಿಂದ. ಚೇಳು, ಹಾವು ಸೇರಿಕೊಂಡಿರುತ್ತವೆ.

ಮೇಕೆಗೆ ಜಾಲಿಮುಳ್ಳಿನ ಬೇಲಿ ಹಾಕಿದರೆ ಮುಳ್ಳು ಮಕ್ಕಳ ಕಾಲಿಗೇ ಚುಚ್ಚುತ್ತದೆ. ನಾಲ್ಕು ಮಡಿಯ ಸುತ್ತಕ್ಕೆ ಗೂಟ ನೆಟ್ಟು ಹಳೆ ಸೀರೆ ಅಥವಾ ನೆರಳು ಬಲೆ ಕಟ್ಟಿದರೆ ಈ ವರ್ಷಕ್ಕೆ ಸಾಕು. ಜೊತೆಗೇ ಗೊಬ್ಬರದ ಗಿಡದ (ಗ್ಲಿರಿಸಿಡಿಯ) ಕಡ್ಡಿ ಒತ್ತಾಗಿ ನೆಡಿ, ಎರಡು ವರ್ಷಕ್ಕೆ ಹಸಿರು ಬೇಲಿ ಆಗುತ್ತದೆ. ಕಾಂಪೌಂಡ್‌ಗೆ ಗ್ರಾಮ ಪಂಚಾಯಿತಿಯಲ್ಲಿ ಅರ್ಜಿ ಕೊಡಿ. ಉದ್ಯೋಗ ಖಾತರಿಯಲ್ಲಿ ಶಾಲಾ ಕಾಂಪೌಂಡ್ ಕಟ್ಟಿಸಿಕೊಟ್ಟ ಪಂಚಾಯಿತಿಗಳು ಬೇಕಾದಷ್ಟಿವೆ.

ನೇಪಾಳದ ಮಾತು ನೆನಪಿಡಿ ಎಂದಿದ್ದೆ. ಮಾರ್ಚ್‌ನಲ್ಲಿ ಮಕ್ಕಳು ಮಾಡಿದ ಬೀಜದಲ್ಲಿ ಅರ್ಧ ಶಾಲೆಗೆ ಇಟ್ಟು, ಉಳಿದರ್ಧವನ್ನು ಕಾಗದದ ಪೊಟ್ಟಣ ಕಟ್ಟಿ ಒಂದೊಂದು ಮನೆಗೆ ಕಳಿಸಿ. ಬಚ್ಚಲ ನೀರು ಹರಿಯುವ ಕಡೆ ಒಂದು ಪಪ್ಪಾಯ, ಅದರಿಂದ ಆಚೆ ಒಳ್ಳೆ ನೀರು ಹಾಕುವ ಒಂದು ಸಣ್ಣ ಪಾತಿ ದಂಟು. ಯಾರ ಮನೆಯಲ್ಲಿ ಮೊಳೆಯಿತು, ಯಾರಲ್ಲಿ ಇಲ್ಲ ಎಂಬುದನ್ನು ಜೂನ್‌ನಲ್ಲಿ ಮಕ್ಕಳೇ ಬಂದು ಹೇಳುತ್ತಾರೆ. ಆ ತಂದೆಯ ಮನೆಗೂ ಒಂದು ಪೊಟ್ಟಣ ಹೋಗಲಿ, ಅದರ ಮೇಲೆ ಅವರ ಮಗನೇ ಬೀಜದ ಹೆಸರು, ಕಟ್ಟಿದ ತಾರೀಕು ಬರೆಯಲಿ.